ಹೊರಡುವ ಮೊದಲಿನ ಸನ್ಮಾನ

ನನ್ನ ಹತ್ತಿರ ಹನ್ನೊಂದು ಶಾಲುಗಳಿವೆ. ಹನ್ನೊಂದೂ ನಾನು ಏನನ್ನಾದರೂ ಸಾಧಿಸುವ ಮೊದಲೇ ಬಂದವು. ಇದನ್ನು ಮುಚ್ಚಿಟ್ಟು ಮಾತು ಮುಂದುವರಿಸುವುದು ಸರಿಯಲ್ಲವೆಂದು ಮೊದಲೇ ಒಪ್ಪಿಕೊಳ್ಳುತ್ತಿದ್ದೇನೆ.

ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ಮಣ್ಣಿನ ವಿಜ್ಞಾನ ಓದಲು ಸೀಟು ಸಿಕ್ಕಿದೆ ಎಂಬ ಇ-ಮೇಲ್ ಬಂದದ್ದು ಒಂದು ಸೋಮವಾರ. ಬುಧವಾರದ ಹೊತ್ತಿಗೆ ಸುರಪುರದ ಬಸ್ ನಿಲ್ದಾಣದ ಎದುರು ನನ್ನ ಫ್ಲೆಕ್ಸ್ ಎದ್ದಿತ್ತು. ನಡುವೆ ಆಳೆತ್ತರದ ನಾನು, ಹಿಂದೆ ವಿಮಾನ, ಕೆಳಗೆ ಶುಭ ಕೋರುವವರ ಸಾಲು ಸಾಲು ಮುಖಗಳು. ಅವರಲ್ಲಿ ಅರ್ಧ ಜನರನ್ನು ನಾನು ಎಂದೂ ಕಂಡವಳಲ್ಲ. ಇದೆಲ್ಲ ಬಟ್ಟೆ ಅಂಗಡಿಯ ನಮ್ಮ ಶರಣಪ್ಪ ಕಾಕಾನ ಉತ್ಸಾಹ. ವೀಸಾ ಇನ್ನೂ ಬಂದಿಲ್ಲವೆಂದು ಮೆಲ್ಲಗೆ ಹೇಳಿ ನೋಡಿದೆ.

“ಸೀಟ್ ಸಿಕ್ಕ್ಯಾದಂದ್ರ ವೀಸಾ ಎಲ್ಲಿಗಿ ಹೋಗ್ತದ?” ಎಂದು ಕಾಕಾ ಮೊದಲ ಶಾಲು ಹೊದಿಸಿಯೇಬಿಟ್ಟ.

ಆಮೇಲೆ ಶಹಾಪುರದಲ್ಲಿ ನಾನು ಓದಿದ ಕಾಲೇಜಿನವರು ಕರೆದರು, ಯಾದಗಿರಿಯ ನೆಂಟರು ಕರೆದರು. ಏಪ್ರಿಲ್ ಬಿಸಿಲಿನಲ್ಲಿ ಶಾಲು ಹೊದ್ದು ಬೆವರುತ್ತ, ನಾಡಿನ ಹೆಸರು ಬೆಳಗುತ್ತೇನೆಂದು ಭಾಷಣ ಮಾಡಿದೆ. ಬೇಡವೆನ್ನಲು ಬಾಯಿ ಇರಲಿಲ್ಲವೇ ಎಂದು ಕೇಳಬೇಡಿ. ಬಾಯಿ ಇತ್ತು, ಮನಸ್ಸಿರಲಿಲ್ಲ.

ಈ ಮುಂಗಡ ಸನ್ಮಾನ ನಮ್ಮವರ ಹೊಸ ಹುಚ್ಚೇನಲ್ಲ. ಹಿಂದೆ ಯುದ್ಧಕ್ಕೆ ಹೋಗುವವರಿಗೆ ರಣವೀಳ್ಯ ಕೊಡುತ್ತಿದ್ದುದೂ ಹೊರಡುವಾಗಲೇ ಹೊರತು ಗೆದ್ದು ಬಂದ ಮೇಲಲ್ಲ. ಕೋಟೆ ಕಟ್ಟಿ ಕಾದಾಡಿದವರ ಊರು ನಮ್ಮದು, ಆ ಅಭ್ಯಾಸ ಇನ್ನೂ ಹೋಗಿಲ್ಲ. ಆದರೆ ವೀಳ್ಯ ಹಿಡಿದ ಸೈನಿಕನನ್ನು ಊರ ಅಗಸಿ ಬಾಗಿಲಲ್ಲಿ ತಡೆದು, ಕಾಗದಪತ್ರ ಸರಿಯಿಲ್ಲವೆಂದು ಯಾರೂ ಮನೆಗೆ ಕಳಿಸುತ್ತಿರಲಿಲ್ಲ.

ನನ್ನನ್ನು ಕಳಿಸಿದರು. ವೀಸಾ ತಿರಸ್ಕೃತವಾಯಿತು.

ಆ ಒಂದು ವರ್ಷ ಊರಿನಲ್ಲಿ ಕಳ್ಳಿಯಂತೆ ಬದುಕಿದೆ. ಹಣೆಯ ಮೇಲೆ ದುಪಟ್ಟಾ ಎಳೆದುಕೊಂಡು ನನ್ನದೇ ಚಿತ್ರದ ಕೆಳಗೆ ಹಾದು ತರಕಾರಿ ತರುತ್ತಿದ್ದೆ. ಮೇಲಿನವಳು ನಗುತ್ತಲೇ ಇದ್ದಳು. ಬಿಚ್ಚಿಸಿದರೆ ಸುದ್ದಿಯಾಗುತ್ತದೆಂದು ಕಾಕಾ ಫ್ಲೆಕ್ಸ್ ಮುಟ್ಟಲಿಲ್ಲ. ಯಾರಾದರೂ ಯಾವಾಗ ಬಂದೆಯೆಂದು ಕೇಳಿದರೆ, ಹೋಗಿಯೇ ಇಲ್ಲವೆನ್ನಲು ನಾಲಿಗೆ ಏಳದೆ ನಿನ್ನೆ ಎಂದುಬಿಡುತ್ತಿದ್ದೆ. ಕಾಣದ ಜರ್ಮನಿಯ ಚಳಿಯನ್ನು ವರ್ಣಿಸಿದ್ದೂ ಉಂಟು. ಮನೆಗೆ ಬಂದು ಆ ಶಾಲುಗಳನ್ನು ನೋಡಿದರೆ ಮಾತ್ರ ನಿಜವಾಗಿ ಅಳು ಬರುತ್ತಿತ್ತು. ಇವಕ್ಕೆ ತಕ್ಕವಳು ನಾನು ಎಂದಾದರೂ ಆಗುತ್ತೇನೆಯೇ ಎಂಬ ಭಯ. ಅಷ್ಟರಲ್ಲಿ ಒಂದು ದಿನ ಫ್ಲೆಕ್ಸ್ ಕಾಣೆಯಾಯಿತು. ಒಯ್ದ ಪುಣ್ಯಾತ್ಮರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಮರುವರ್ಷ ವೀಸಾ ಬಂತು. ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತಿಸಲು ಅವ್ವ ಒಬ್ಬಳೇ ಬಂದಿದ್ದಳು. ಕಾಕಾನಿಗೂ ಹೇಳಿರಲಿಲ್ಲ. ಸನ್ಮಾನದ ಶಾಲು ಚಳಿಗೆ ಹೊದೆಯುವುದಕ್ಕಲ್ಲ ಎಂದು ತಿಳಿಯಲು ಅಷ್ಟು ದೂರ ಹೋಗಬೇಕಾಯಿತು. ಒಂದನ್ನು ಅಲ್ಲಿನ ಕೋಣೆಯ ಕಿಟಕಿಗೆ ಪರದೆ ಮಾಡಿದೆ. ಬಿದ್ದ ಮಳೆ ಮಣ್ಣಿನಲ್ಲಿ ಎಷ್ಟು ಇಂಗುತ್ತದೆಂದು ಎರಡು ವರ್ಷ ಅಳೆದು, ಪದವಿ ಪಡೆದು ಊರಿಗೆ ಬಂದೆ.

ಈಗ ಮೊದಲ ಸಲ ನಾನು ಶಾಲಿಗೆ ಅರ್ಹಳಾಗಿದ್ದೆ. ಎರಡು ವಾರ ಕಾದೆ. ಯಾರೂ ಬರಲಿಲ್ಲ. ನಾಚಿಕೆ ಬಿಟ್ಟು ಅಂಗಡಿಗೇ ಹೋಗಿ, ಮಾತನ್ನು ಸುತ್ತಿ ಬಳಸಿ ಅಲ್ಲಿಗೆ ತಂದೆ. ಕಾಕಾ ಸೀರೆ ಮಡಚುತ್ತ ತಲೆಯೆತ್ತದೆ ಹೇಳಿದ:

“ನಿನ್ನ ಸನ್ಮಾನ ಆವಾಗೇ ಆಗ್ಯಾದಲ್ಲವ್ವಾ.”

ಮುಖ ಸಣ್ಣದು ಮಾಡಿಕೊಂಡು ಬಸ್ ನಿಲ್ದಾಣದ ಹತ್ತಿರ ಬರುವಷ್ಟರಲ್ಲಿ ಮಳೆ ಹಿಡಿಯಿತು. ಅಲ್ಲೇ ಇದ್ದ ನಾಗಮ್ಮನ ಚಹಾದಂಗಡಿಗೆ ನುಗ್ಗಿದೆ. ಏಳೆಂಟು ಜನ ಒತ್ತಿಕೊಂಡು ಕುಳಿತು ಚಹಾ ಕುಡಿಯುತ್ತಿದ್ದರು. ತಲೆಯೆತ್ತಿದರೆ, ಚಾವಣಿಯಾಗಿ ಬಿಗಿದಿದ್ದುದು ನನ್ನದೇ ಫ್ಲೆಕ್ಸ್! ವಿಮಾನ ಮಾಸಿಹೋಗಿತ್ತು, ನಾನು ಮಾತ್ರ ಕೆಳಮುಖವಾಗಿ ಎಲ್ಲರನ್ನೂ ನೋಡಿ ನಗುತ್ತಿದ್ದೆ. ನನ್ನ ಕಣ್ಣು ಅಲ್ಲಿಗೆ ಹೋದದ್ದನ್ನು ಕಂಡು ನಾಗಮ್ಮ ಚಹಾದ ಕಪ್ಪು ಕೈಗಿಟ್ಟಳು.

“ಮೂರು ಮಳಿಗಾಲ ನಿನ್ನ ಕೆಳಗೇ ಕುಂತೀವಿ ನೋಡವ್ವಾ,” ಎಂದಳು. “ಒಂದು ಹನಿ ಸೋರಿಲ್ಲ.”