ಬೀಜಕ್ಕಿಡು ಎಂದಿದ್ದ ಉಳ್ಳಾಗಡ್ಡಿ

ರೊಟ್ಟಿಯ ಜೊತೆ ಉಳ್ಳಾಗಡ್ಡಿಯನ್ನು ಚಾಕುವಿನಿಂದ ಕೊಯ್ದು ತಿನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಸಣ್ಣ ಅನುಮಾನ. ನಮ್ಮ ಕಡೆ ಅದನ್ನು ನೆಲಕ್ಕಿಟ್ಟು ಮುಷ್ಟಿಯಿಂದ ಗುದ್ದಿ ಒಡೆಯಬೇಕು. ಆಗಲೇ ಅದರ ಖಾರ ಮೂಗಿಗೆ ಏರುವುದು. ಇವತ್ತು ಮಧ್ಯಾಹ್ನವೂ ನನ್ನ ಹೆಂಡತಿ ತಾಟಿನ ಪಕ್ಕಕ್ಕೆ ಒಂದು ಗಡ್ಡಿ ಇಟ್ಟಳು. ಗುದ್ದುವ ಮೊದಲು ನಾನು ಅದನ್ನು ಎತ್ತಿಕೊಂಡು, ಎಲೆ ಒಣಗಿ ಉದುರಿದ ಜಾಗವನ್ನು, ಅಂದರೆ ಅದರ ಕುತ್ತಿಗೆಯನ್ನು, ಹೆಬ್ಬೆರಳಿನಿಂದ ಒತ್ತಿ ನೋಡಿದೆ.

"ಡಾಕ್ಟರ್ ಸಾಹೇಬ್ರು ನಾಡಿ ನೋಡಾಕತ್ತಾರ," ಎಂದು ಆಕೆ ಗೋಡೆಗೆ ಹೇಳಿದಳು. ಮದುವೆಯಾದಾಗಿನಿಂದ ನನಗೆ ಹೇಳಬೇಕಾದ್ದನ್ನೆಲ್ಲ ಆಕೆ ಗೋಡೆಗೇ ಹೇಳುತ್ತ ಬಂದಿದ್ದಾಳೆ. ನಿಮ್ಮ ಮನೆಯಲ್ಲೂ ಅಂಥದೊಂದು ಗೋಡೆ ಇರಬಹುದು.

ಈ ಹೆಬ್ಬೆರಳಿನ ಚಾಳಿ ಮೂಲತಃ ನನ್ನದಲ್ಲ, ಕಾಸಿಮಣ್ಣನದು. ಅಫಜಲಪುರ ತಾಲೂಕಿನಲ್ಲಿ, ಸೊನ್ನ ಎಂಬ ಊರಿನಿಂದ ಸ್ವಲ್ಪ ಕೆಳಗೆ, ಭೀಮಾ ದಂಡೆಯ ಮೇಲೆ ನಮ್ಮೂರು. ಆತನ ಹೊಲ ನನ್ನ ಹೊಲಕ್ಕೆ ಹತ್ತಿಕೊಂಡೇ ಇತ್ತು. ನನಗಿಂತ ಹಿರಿಯ. ಹೊಲದಲ್ಲಿ ಕಾಯಿಪಲ್ಯ ಬೆಳೆದು ಸಂತೆಯಲ್ಲಿ ತಾನೇ ತೂಗಿ ಮಾರುತ್ತಿದ್ದ. ಇಂದಿರಮ್ಮನ ಕಾಲದ ಕೊನೆಯ ವರ್ಷಗಳಿರಬೇಕು, ಆತ ಸೊಲ್ಲಾಪುರದ ಕಡೆಯಿಂದ ಹಿಡಿಯಷ್ಟು ಉಳ್ಳಾಗಡ್ಡಿ ಬೀಜ ತಂದ. ನೋಡಲಿಕ್ಕೆ ಕರಿ ಎಳ್ಳು. ಬೆಳೆದರೆ ತೆಂಗಿನಕಾಯಿ ಆಗುತ್ತದೆ ಎಂದು ಕೊಟ್ಟವರು ಹೇಳಿದ್ದರಂತೆ. ಚಹಾದ ಹೋಟೆಲಿನಲ್ಲಿ ಕೂತು ನಾವು ನಾಲ್ಕೈದು ಗೆಳೆಯರು ಆ ಮಾತಿಗೆ ನಕ್ಕೆವು. ನಕ್ಕವರೆಲ್ಲರ ಅಂಗೈಗೂ ಕಾಸಿಮಣ್ಣ ಒಂದೊಂದು ಚಿಟಿಕೆ ಬೀಜ ಹಾಕಿದ. ಯಾರ ಗಡ್ಡಿ ದೊಡ್ಡದಾಗುತ್ತದೋ ನೋಡೋಣ ಎಂದು ಪಂದ್ಯ ಕಟ್ಟಿದೆವು. ಎಳ್ಳಮಾಸಿಗೆ, ಅಂದರೆ ಎಳ್ಳ ಅಮಾವಾಸ್ಯೆಗೆ, ಎಲ್ಲರೂ ಹೊಲಕ್ಕೆ ಬುತ್ತಿ ಒಯ್ದು, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ ಉಣ್ಣುವುದು ಇದ್ದೇ ಇದೆ. ಅಲ್ಲಿಯೇ ತೂಗುವುದು, ಗೆದ್ದವನು ಗೆದ್ದ ಗಡ್ಡಿಯನ್ನು ಅಲ್ಲಿಯೇ ಗುದ್ದಿ ಒಡೆದು ಎಲ್ಲರ ಸಜ್ಜಿ ರೊಟ್ಟಿಗೂ ಹಂಚುವುದು. ಬಹುಮಾನವೆಂದರೆ ಅಷ್ಟೇ.

ಅಷ್ಟೇ ಎಂದು ಉಳಿದವರಿಗೆ ಅನಿಸಿರಬಹುದು. ನನ್ನ ಕಥೆ ಬೇರೆ. ನಾಲ್ಕನೇ ಇಯತ್ತೆಗೇ ಶಾಲೆ ಬಿಡಿಸಿ ಅಪ್ಪ ನನ್ನ ಕೈಗೆ ಎತ್ತಿನ ಹಗ್ಗ ಕೊಟ್ಟಿದ್ದರು. ಅದಕ್ಕೆ ಬೇಜಾರಿಲ್ಲ, ದುಡಿದೆ, ಯಾರ ಮುಂದೆಯೂ ಕೈಚಾಚಲಿಲ್ಲ, ಅದರ ಸೊಕ್ಕೂ ಸಾಕಷ್ಟು ಇತ್ತು. ಆದರೆ ನಾಲ್ಕು ಜನರ ನಡುವೆ ನನ್ನ ಹೆಸರು ಮೊದಲು ಕೂಗಿದ್ದನ್ನು ನಾನು ಕೇಳಿದ್ದೇ ಇಲ್ಲ. ಒಮ್ಮೆ ಕೇಳಬೇಕಿತ್ತು.

ಮಡಿ ಮಾಡಿದೆ, ಸಸಿ ಹಚ್ಚಿದೆ, ಒಳ್ಳೆಯವನ್ನು ಉಳಿಸಿ ಮಿಕ್ಕಿದ್ದನ್ನು ಕಿತ್ತೆ. ಚೀಲದ ಸರಕಾರಿ ಗೊಬ್ಬರ ಹಾಕಿದೆ, ಮತ್ತೆ ಹಾಕಿದೆ. ಯಡ್ರಾಮಿಯಲ್ಲಿ ತಂಗಿಯ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಗಡ್ಡಿ ತುಂಬುವ ಹೊತ್ತು, ಬರಲಾಗುವುದಿಲ್ಲ ಎಂದು ಹೇಳಿ ಕಳಿಸಿದೆ. ಯಡ್ರಾಮಿಯವರು ಇನ್ನೂ ನಗುತ್ತಾರೆ. ಎಲೆ ಬಾಡಿ ನೆಲಕ್ಕೆ ಮಲಗಲು ಶುರುವಾದರೆ ನೀರು ನಿಲ್ಲಿಸಬೇಕು, ಒಣಗಿದ ಕುತ್ತಿಗೆಯೇ ಗಡ್ಡಿಗೆ ಬೀಗ. ಇದು ಉಳ್ಳಾಗಡ್ಡಿ ಬೆಳೆಯುವ ಯಾರಿಗಾದರೂ ಗೊತ್ತು, ನನಗೂ ಗೊತ್ತಿತ್ತು. ಆದರೆ ಬೇಲಿಯ ಆಚೆ ಕಾಸಿಮಣ್ಣನ ಗಡ್ಡಿ ಕಾಣುತ್ತಿತ್ತಲ್ಲ. ಇನ್ನೊಂದು ನೀರು, ಇನ್ನೊಂದು ಬೆರಳಿನಷ್ಟು ದಪ್ಪ ಎಂದುಕೊಂಡು ಬಿಡುತ್ತಲೇ ಹೋದೆ. "ಬಸುರಿಗೂ ಇಷ್ಟು ಉಪಚಾರ ಮಾಡಲಿಲ್ಲ ಈ ಮನಿಯಾಗ," ಎಂದು ಹೆಂಡತಿ ಗೋಡೆಗೆ ಹೇಳಿದಳು.

ಎಳ್ಳಮಾಸಿಯ ದಿನ ಕಾಸಿಮಣ್ಣನ ತಕ್ಕಡಿಯನ್ನೇ ಬನ್ನಿ ಗಿಡದ ಟೊಂಗೆಗೆ ಕಟ್ಟಿದೆವು. ಕೊನೆಗೆ ಉಳಿದವರು ನಾವಿಬ್ಬರೇ, ಒಂದು ಪರಡಿಯಲ್ಲಿ ಆತನದು, ಇನ್ನೊಂದರಲ್ಲಿ ನನ್ನದು. ನನ್ನ ಕಡೆ ಧಡಕ್ಕನೆ ಕೆಳಗಿಳಿಯಿತು. ಗೆಳೆಯರು ನನ್ನ ಹೆಸರು ಹಿಡಿದು ಕೂಗಿದರು. ಆ ಕೂಗು ಈಗಲೂ ಕಿವಿಯಲ್ಲಿದೆ, ಈಗ ಕೇಳಿದರೆ ಮೈ ಹಿಡಿಯಾಗುತ್ತದೆ, ಆ ಮಾತು ಬೇರೆ.

ಕಾಸಿಮಣ್ಣ ನನ್ನ ಗಡ್ಡಿಯನ್ನು ಪರಡಿಯಿಂದ ಎತ್ತಿದ. ಆತನ ಹೆಬ್ಬೆರಳು ಅದರ ಕುತ್ತಿಗೆಯ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಇಡೀ ಗಡ್ಡಿಯನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡು ನನ್ನ ಹತ್ತಿರ ಬಂದ.

"ಇದನ್ನ ಒಡಿಬ್ಯಾಡ ತಮ್ಮ," ಎಂದ ಮೆಲ್ಲಗೆ. "ಬೀಜಕ್ಕ ಇಡು. ತಿನ್ನಾಕ ನಂದು ಒಡಿತೇನಿ."

ಸೋತವನಿಗೆ ಹೊಟ್ಟೆ ಉರಿಯುತ್ತಿದೆ, ನನ್ನ ಗೆಲುವನ್ನು ಜನರ ಬಾಯಿಗೆ ಬೀಳಗೊಡಲು ಮನಸ್ಸಿಲ್ಲ ಎಂದುಕೊಂಡೆ. "ಗೆದ್ದದ್ದನ್ನ ಬಚ್ಚಿಟ್ಕೊಂಡು ಒಯ್ಯೋ ಮಂದಿ ಅಲ್ಲಣ್ಣ ನಾವು," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಗಡ್ಡಿ ಕಸಿದುಕೊಂಡು, ರೊಟ್ಟಿಯ ಬುಟ್ಟಿಯ ಪಕ್ಕ ಇಟ್ಟು ಗುದ್ದಿದೆ.

ಮುಷ್ಟಿ ಒಳಕ್ಕೆ ಇಳಿಯಿತು. ಮೇಲಿನ ಪದರಗಳು ಬೆಳ್ಳಗೆ ಹೊಳೆಯುತ್ತಿದ್ದವು. ನಡುವೆ ಪೂರ್ತಿ ಕಂದು ಲೋಳೆ. ಅದು ಚಿಮ್ಮಿ ಸಜ್ಜಿ ರೊಟ್ಟಿಯ ಮೇಲೆ, ಕಾಳು-ಸೊಪ್ಪಿನ ಭಜ್ಜಿಪಲ್ಯದ ಗಡಿಗೆಯ ಮೇಲೆ, ಗೆಳೆಯನೊಬ್ಬನ ಹೊಸ ಅಂಗಿಯ ಮೇಲೆ ಬಿತ್ತು. ನಾತಕ್ಕೆ ಹೆಂಗಸರು ಸೆರಗು ಮೂಗಿಗೆ ಒತ್ತಿಕೊಂಡರು. ಯಾರೂ ನಗಲಿಲ್ಲ. ನಕ್ಕಿದ್ದರೆ ನಾನೂ ನಗಬಹುದಿತ್ತು.

ಕಾಸಿಮಣ್ಣ ಬುಟ್ಟಿಯನ್ನು ಆ ಕಡೆ ಸರಿಸಿ, ಅಡಿಯ ರೊಟ್ಟಿಗಳನ್ನು ತೆಗೆದು, ತನ್ನ ಗಡ್ಡಿ ಒಡೆದ. ಮೊದಲ ಹೋಳನ್ನು ನನ್ನ ಮುಂದೆ ಹಿಡಿದ.

"ತಿನ್ನೋ. ನಿಂದೂ ಇದೇ ಬೀಜ ಅಲ್ಲೇನು?"

ಎತ್ತುಗಳಿಗೆ ನೀರು ಕುಡಿಸಬೇಕು ಎಂದು ಎದ್ದು ಹೋದೆ. ಎತ್ತುಗಳು ಆಗಷ್ಟೇ ನೀರು ಕುಡಿದು ಮೆಲುಕು ಹಾಕುತ್ತಿದ್ದವು. ಗಡ್ಡಿ ಕೊಳೆತದ್ದಕ್ಕೆ ಅಲ್ಲ ನನಗೆ ನಾಚಿಕೆ. ಕೊಳೆತ ಗಡ್ಡಿ ಎಲ್ಲರ ಹೊಲದಲ್ಲೂ ಸಿಗುತ್ತದೆ. ಒಬ್ಬ ಮನುಷ್ಯ ನನ್ನ ಮಾನವನ್ನು ಎರಡು ಅಂಗೈಯಲ್ಲಿ ಮುಚ್ಚಿಕೊಂಡು ತಂದು ಕೊಟ್ಟಿದ್ದ. ಅದನ್ನು ನಾನೇ ಕಸಿದು ಗುದ್ದಿದ್ದೆ.

ಮುಂದಿನ ಮಳೆಗಾಲದ ಬಾಯಿಗೆ ಕಾಸಿಮಣ್ಣ ಮತ್ತೆ ಬೀಜ ಹಂಚಲು ಮನೆಗೆ ಬಂದ. ನಾನು ಒಳಗೆ ಜೋಳದ ಚೀಲಗಳ ಹಿಂದೆ ಕೂತೆ, ಅಷ್ಟು ದೊಡ್ಡ ಗಂಡಸು. ಮನೆಯಲ್ಲಿಲ್ಲ ಎಂದು ಹೆಂಡತಿಯಿಂದ ಹೇಳಿಸಿದೆ. ಆಕೆ ಹೇಳಿದಳು, ಗೋಡೆಗೆ ಹೇಳುವ ದನಿಯಲ್ಲೇ.

"ಇಲ್ಲಂದ್ರ ಇರ್ಲಿ ತಂಗಿ," ಎಂದ ಕಾಸಿಮಣ್ಣ, ಚೀಲಗಳ ಹಿಂದಕ್ಕೂ ಕೇಳುವಂತೆ. "ನೀರು ಬಿಡೋದು ಮಾತ್ರ ನೀನೇ ನೋಡ್ಕೋ."

ಆಕೆಯೇ ಬಿತ್ತಿದಳು, ಆಕೆಯೇ ನೀರು ನಿಲ್ಲಿಸಿದಳು. ಪಂದ್ಯಕ್ಕೆ ನಾನು ಹೋಗಲಿಲ್ಲ. ಆಕೆ ಒಯ್ದ ಗಡ್ಡಿ ಎಲ್ಲಕ್ಕಿಂತ ಸಣ್ಣದು, ಕಲ್ಲಿನಂತೆ ಗಟ್ಟಿ, ಒಡೆದಾಗ ಕೂತವರೆಲ್ಲ ಕಣ್ಣೊರೆಸಿಕೊಂಡರಂತೆ. ಅಂದಿನಿಂದ ವರ್ಷವರ್ಷವೂ ಒಳ್ಳೆಯ ಗಡ್ಡಿ ಹುಗಿದು ಬೀಜ ಮಾಡುತ್ತಾಳೆ. ಇಸಿದುಕೊಂಡ ಬೀಜ ಹಿಂದಿರುಗಿಸಬೇಕಲ್ಲ, ಪ್ರತಿ ಮುಂಗಾರಿಗೆ ಅರಿವೆಯ ಗಂಟಿನಲ್ಲಿ ಒಂದು ಚಿಟಿಕೆ ಕಾಸಿಮಣ್ಣನ ಮನೆಗೆ ಕೊಟ್ಟು ಬರುತ್ತಾಳೆ. ಪಂದ್ಯ ನಿಂತು ಎಷ್ಟೋ ಕಾಲವಾಯಿತು, ಗಂಟು ನಿಂತಿಲ್ಲ. ದಾರಿಯಲ್ಲಿ ಸಿಕ್ಕರೆ ನಾನೂ ಆತನೂ ಮಳೆಯ ಬಗ್ಗೆ ಮಾತಾಡುತ್ತೇವೆ. ಮಳೆ ಇಷ್ಟು ವರ್ಷ ನನ್ನನ್ನು ಕಾಪಾಡಿದೆ.

ಇವತ್ತು ಊಟವಾದ ಮೇಲೆ ಹೆಂಡತಿ ಮೊಣಕಾಲು ನೀವಿಕೊಳ್ಳುತ್ತ, "ಈ ಸಲ ಗಂಟು ಯಾರು ಒಯ್ದು ಕೊಡ್ತಾರೋ," ಎಂದಳು. ಹೇಳಿದ್ದು ಗೋಡೆಗೇ. ನಾನು ಟೋಪಿ ಹಾಕಿಕೊಂಡೆ.

ಕಾಸಿಮಣ್ಣ ಪಡಸಾಲೆಯ ಹೊರಸಿನ ಮೇಲೆ ಕೂತಿದ್ದ. ಕಣ್ಣು ಈಗ ಮಂದ; ದನಿಯಿಂದ ಗುರುತು ಹಿಡಿದ. ಗಂಟನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದ.

"ನೀರು ನಿಲ್ಲಿಸಿದ್ದಿ?"

"ನಿಲ್ಲಿಸಿದಾಕಿ ಆಕಿ, ಅಣ್ಣ."

"ಹಂಗಾದ್ರ ಬೀಜ ಚಲೋ ಇರ್ತಾವ," ಎಂದು ನಕ್ಕ. ಆ ನಗು ಬನ್ನಿ ಗಿಡದ ಕೆಳಗೇ ಬರಬೇಕಿತ್ತು. ಊಟ ಆಯಿತೇ ಎಂದು ಕೇಳಿದ. ಇಲ್ಲ ಎಂದೆ.

ರೊಟ್ಟಿ ಬಂತು, ಪಕ್ಕದಲ್ಲಿ ಒಂದು ಗಡ್ಡಿ. ಹೆಬ್ಬೆರಳು ತಾನಾಗಿ ಅದರ ಕುತ್ತಿಗೆಗೆ ಹೋಯಿತು. ಅದನ್ನು ಮಡಚಿ ಮುಷ್ಟಿಯೊಳಗೆ ಸೇರಿಸಿ, ಒತ್ತಿ ನೋಡದೆಯೇ ಗುದ್ದಿದೆ. ಮೊದಲ ಹೋಳನ್ನು ಕಾಸಿಮಣ್ಣನ ಕೈ ಹುಡುಕಿ ಇಟ್ಟೆ.