ಮೋತ್ಯಾನ ಗಡಿಗೆ

ಹಿಂಜವಾಡಿಯ ಟ್ರಾಫಿಕ್ಕಿನಲ್ಲಿ ಮೈ ಹಣ್ಣಾಗಿ ಅಕ್ಕನ ಅಪಾರ್ಟ್‌ಮೆಂಟ್ ಮುಟ್ಟಿದರೆ, ಅಕ್ಕ, ಭಾವ ಇಬ್ಬರೂ ಗೇಟಿನ ಹೊರಗೇ ನಿಂತಿದ್ದರು. ಭಾವನ ಕೈಯಲ್ಲಿ ಬಿಳಿ ಬಟ್ಟೆ ಕಟ್ಟಿದ ಪುಟ್ಟ ಗಡಿಗೆ. ಅವರ ಮುದಿ ನಾಯಿ ಮೋತ್ಯಾ ನಿನ್ನೆ ತೀರಿಕೊಂಡಿತ್ತು. ಸುಟ್ಟ ಜಾಗದಿಂದ ಅಸ್ಥಿ ತಗೊಂಡು ಈಗಷ್ಟೇ ಬಂದಿದ್ದರು.

ನಮ್ಮ ಕಡೆ ಅಸ್ಥಿಯನ್ನು ಮನೆಯೊಳಗೆ ತರುವುದಿಲ್ಲ. ಹೊಳೆಗೆ ಬಿಡುವ ತನಕ ಹೊರಗೆ ಮರಕ್ಕೆ ಕಟ್ಟಿರುತ್ತಾರೆ. ಗೇಟಿನ ಪಕ್ಕ ಬೇವಿನ ಮರವೇನೋ ಇತ್ತು. ಭಾವ ಮಾತ್ರ ಗಡಿಗೆ ಕೊಡಲೊಲ್ಲರು.

“ಮುಂಜಾನೆ ಇಂದ್ರಾಯಣಿ ಹೊಳಿಗೆ ಬಿಡೋಣಂತ್ರಿ. ಒಂದು ರಾತ್ರಿ ಅಷ್ಟೇ, ಕಟ್ರಿ,” ಅಂದಳು ಅಕ್ಕ.

“ಗುಡುಗಿದ್ರ ಓಡಿಬಂದು ನನ್ನ ಕಾಲಾಗ ಹೊಕ್ಕೋತಿತ್ತು. ಇಲ್ಲಿ ರಸ್ತೆದಾಗ ಹ್ಯಾಂಗ ಬಿಡ್ಲೇ?”

“ಮಾವನೋರ ಗಡಿಗಿನೂ ಮರಕ್ಕೇ ಕಟ್ಟಿದ್ರಲ್ಲಾ?”

“ಅಪ್ಪಗ ಗುಡುಗಿನ ಅಂಜಿಕಿ ಇರಲಿಲ್ಲ.”

ಚೀಲದ ಪಟ್ಟಿ ಹೆಗಲು ಕೊರೆಯುತ್ತಿತ್ತು. ನಗಲಿಕ್ಕೂ ಶಕ್ತಿಯಿರಲಿಲ್ಲ, ನಾನು ಕಟ್ಟೆಯ ಮೇಲೆ ಕುಸಿದು ಕೂತೆ. ಅಕ್ಕ ಮರ ನೋಡಿದಳು, ಗಂಡನ ಮುಖ ನೋಡಿದಳು. ಆಮೇಲೆ ಗಡಿಗೆ ಇಸಕೊಂಡು ಸೆರಗು ಮುಚ್ಚಿದಳು.

“ಶಾಸ್ತ್ರ ಮನಷ್ಯಾರಿಗೆ ಹೇಳ್ಯಾರ. ನಾಯಿಗೆ ಯಾರ ಹೇಳ್ಯಾರ? ನಡೀರಿ ಮ್ಯಾಲ.”

ಲಿಫ್ಟಿನಲ್ಲಿ ಪಕ್ಕದ ಮನೆಯ ಮರಾಠಿ ಅಜ್ಜಿ ಇದ್ದರು. ಸೆರಗಿನೊಳಗೆ ಏನೆಂದು ಕೇಳಿದರು. ಅಕ್ಕ ಹೇಳಿದಳು. ಅಜ್ಜಿ ಗೋಡೆಗೆ ಒತ್ತಿ ನಿಂತು ಜಾಗ ಮಾಡಿಕೊಟ್ಟು, ತಮ್ಮ ಮರಾಠಿಯಲ್ಲೇ, “ಬಾ ಮೋತ್ಯಾ, ಒಳಗೆ ಬಾ” ಅಂದರು.