ದೊಡ್ಡ ಮಿಸ್ ಒಪ್ಪಿಕೊಂಡ ತಪ್ಪು

ಕೆಂಪು ಪೆನ್ನು ಬೇಕಾದಾಗಲೆಲ್ಲ ದೊಡ್ಡ ಮಿಸ್ ಟೇಬಲ್ಲಿನ ಡ್ರಾಯರ್, ವ್ಯಾನಿಟಿ ಬ್ಯಾಗು, ಹಾಜರಿ ಪುಸ್ತಕದ ಅಡಿ ಎಲ್ಲ ತಡಕಾಡುತ್ತಿದ್ದರು. ಪೆನ್ನು ಅವರ ತುರುಬಿನಲ್ಲೇ ಸಿಕ್ಕಿಕೊಂಡಿರುತ್ತಿತ್ತು. ನಾವು ಯಾರೂ ಬಾಯಿ ಬಿಡುತ್ತಿರಲಿಲ್ಲ. ಅಷ್ಟು ಹೊತ್ತು ಮಗ್ಗಿ ಒಪ್ಪಿಸುವುದು ತಪ್ಪುತ್ತಿತ್ತಲ್ಲ! ಕೊನೆಗೆ ತಲೆ ಮುಟ್ಟಿಕೊಂಡು, "ಎಲ್ರೂ ಸೇರ್ಕೊಂಡು ನನ್ನ ಆಟ ಆಡಿಸ್ತೀರೇನ್ರೋ?" ಎಂದು ತಾವೇ ಮೊದಲು ನಗುತ್ತಿದ್ದರು.

ಗೆಂಡೆಹಳ್ಳಿ ಕಡೆಯ ನಮ್ಮೂರಿನ ಸರ್ಕಾರಿ ಶಾಲೆಗೆ ಅವರು ಮುಖ್ಯ ಶಿಕ್ಷಕಿ. ಬೇಲೂರಿನಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಬೇಸಿಗೆ ರಜೆಯಲ್ಲಿ, ಹೆಣ್ಣು ಕೇಳಲು ಬಂದವರ ಹಾಗೆ ಮನೆಮನೆಯ ಜಗಲಿಯ ತುದಿಯಲ್ಲಿ ಕೂತು, "ಮಗೂನ ನಮ್ಮ ಶಾಲೆಗೇ ಕಳಿಸ್ರಮ್ಮ" ಎಂದು ಕೇಳುತ್ತಿದ್ದರು.

ನಾನು ಐದನೇ ಕ್ಲಾಸು ಮುಗಿಸಿದಾಗ ನಮ್ಮಪ್ಪನಿಗೆ ಕಾನ್ವೆಂಟಿನ ಹುಚ್ಚು ಹಿಡಿಯಿತು. ಹಳದಿ ವ್ಯಾನು ಊರೊಳಗೇ ಬರತೊಡಗಿತ್ತು. ಬೇಡವೆಂದು ಹೇಳಲು ಬಂದ ಮಿಸ್ಸನ್ನು ಅಪ್ಪ ಒಂದೇ ಮಾತು ಕೇಳಿದ.

"ನಿಮ್ ಮಗನ್ನ ಯಾವ್ ಸ್ಕೂಲಿಗ್ ಹಾಕಿದೀರ ಮೇಡಂ?"

ಅವರ ಮಗ ಬೇಲೂರಿನ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಓದುತ್ತಿದ್ದ. ಮಿಸ್ ಕಾಫಿ ಪೂರ್ತಿ ಕುಡಿದು ಎದ್ದರು. "ಟಿಸಿನಾದ್ರೂ ಬಂದು ತಗೊಂಡ್ಹೋಗಿ" ಎಂದಷ್ಟೇ ಹೇಳಿ ಹೋದರು. ಕಾನ್ವೆಂಟಿನವರು ಟಿಸಿ ಆಮೇಲೆ ನೋಡೋಣ ಎಂದಿದ್ದರಿಂದ ಅಪ್ಪ ಅತ್ತ ತಲೆ ಹಾಕಲಿಲ್ಲ.

ಎರಡು ವರ್ಷ ಟೈ, ಬೂಟು ಹಾಕಿಕೊಂಡು ಮೆರೆದೆ. ಏಳನೇ ಕ್ಲಾಸು ಮುಗಿದ ಮೇಲೆ ಬೇಲೂರಿನ ಹೈಸ್ಕೂಲಿಗೆ ಸೇರಲು ಹೋದರೆ, ಕಾನ್ವೆಂಟಿನ ಟಿಸಿಗೆ ಶಿಕ್ಷಣಾಧಿಕಾರಿಗಳ ಆಫೀಸಿನ ರುಜು ಬೇಕೆಂದರು. ಆಫೀಸಿನಲ್ಲಿ ಗುಮಾಸ್ತರು ಕಡತ ತಿರುವಿ, "ಈ ಶಾಲೆಗೆ ಮಾನ್ಯತೆ ಇರೋದೇ ಐದನೇ ಕ್ಲಾಸಿನವರೆಗೆ. ಆರು, ಏಳು ಲೆಕ್ಕಕ್ಕೇ ಬರಲ್ಲ. ಮತ್ತೆ ಆರಕ್ಕೆ ಸೇರಿಸಿ" ಎಂದರು. ನನಗಿಂತ ಚಿಕ್ಕವರ ಜೊತೆ ಮತ್ತೆ ಆರನೇ ಕ್ಲಾಸು! ಬಸ್‌ಸ್ಟ್ಯಾಂಡಿನಲ್ಲಿ ನಾನು ಬಿಕ್ಕಿ ಬಿಕ್ಕಿ ಅತ್ತೆ.

ಮರುದಿನ ಅಪ್ಪ ನನ್ನನ್ನು ಕರೆದುಕೊಂಡು ಹೋಗಿ, ಸರ್ಕಾರಿ ಶಾಲೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ. ಮಿಸ್ ಹಳೇ ಬಾಕಿ ತೀರಿಸಿಕೊಳ್ಳಲಿಲ್ಲ. ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಮೂರು ಚೌಕ ಬರೆದರು.

"ಇದು ಸರ್ಕಾರದ್ದು. ಇದು ಅನುದಾನಿತ, ಸಂಬಳ ಸರ್ಕಾರದ್ದು, ಆಡಳಿತ ಖಾಸಗಿಯವರದ್ದು. ಇದು ಪೂರ್ತಿ ಖಾಸಗಿ. ಆದ್ರೆ ಮೂರಕ್ಕೂ ಇಷ್ಟನೇ ಕ್ಲಾಸಿನವರೆಗೆ ಅಂತ ಇಲಾಖೆ ಒಪ್ಪಿಗೆ ಬೇಕು. ಬೋರ್ಡು ನೋಡಬೇಡಿ, ಆ ಕಾಗದ ನೋಡಿ." ಚೌಕಗಳ ಆಚೆ ಒಂದು ಚುಕ್ಕೆ ಇಟ್ಟರು. "ನಿಮ್ಮ ಮಗಳು ಇಲ್ಲಿದ್ದಾಳೆ. ಸರ್ಕಾರದ ಲೆಕ್ಕದಲ್ಲಿ ಶಾಲೆಯಿಂದ ಹೊರಗುಳಿದ ಮಗು."

"ಎರಡ್ ವರ್ಷ ಟೈ ಕಟ್ಕಂಡು ಹೋಗವ್ಳೆ ಮೇಡಂ! ಹೊರಗ್ ಉಳಿದೋಳು ಹೆಂಗಾಯ್ತಾಳೆ?"

"ಹಾಗಂತ ಒಪ್ಕೊಂಡ್ರೇ ಒಳಗೆ ಬರೋಕಾಗೋದು. ಹೊರಗುಳಿದ ಮಗೂನ ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸ್ಕೋಬಹುದು. ಎಂಟನೇ ಕ್ಲಾಸು ನಮ್ಮಲ್ಲೇ ಇದೆ."

ಆದರೆ ಟಿಸಿ ಒಯ್ಯದ ನನ್ನ ಹೆಸರು ಅವರ ಶಾಲೆಯ ಲೆಕ್ಕದಲ್ಲೇ ಇತ್ತು. ಎರಡು ವರ್ಷ ಬಾರದ ಮಗುವಿನ ಬಗ್ಗೆ ಮುಖ್ಯ ಶಿಕ್ಷಕಿ ಯಾಕೆ ವರದಿ ಮಾಡಲಿಲ್ಲ ಎಂದು ಮೇಲಿನವರು ಕೇಳದೆ ಬಿಡುತ್ತಾರೆಯೇ? ಅವರು ಕೇಳುವ ಮೊದಲೇ ಮಿಸ್ ನನ್ನೆದುರೇ ಉತ್ತರ ಬರೆದು ಕಳಿಸಿದರು: "ಮನೆಗೆ ಹೋಗಿ ವಿಚಾರಿಸುವುದು ನನ್ನ ಕರ್ತವ್ಯವಾಗಿತ್ತು. ನಾನು ಹೋಗಲಿಲ್ಲ."

"ತಪ್ಪು ನಮ್ಮಪ್ಪಂದಲ್ವಾ ಮಿಸ್?" ಎಂದೆ.

"ನಿಮ್ಮಪ್ಪ ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ ಕಣೇ. ಆ ನಾಚಿಕೆಗೆ ನಿಮ್ಮ ಬೀದಿಗೇ ಕಾಲಿಡಲಿಲ್ಲ. ತಪ್ಪು ನಂದೂ ಇದೆ."

ಅವರಿಗೆ ನೋಟಿಸು ಬಂತು. ಅದನ್ನು ಮಡಿಸಿ ಡ್ರಾಯರಿಗೆ ಹಾಕಿ, ಶಾಲೆ ಬಿಟ್ಟ ಮೇಲೆ ಸಂಜೆಯ ಬಸ್ಸು ಬರುವವರೆಗೆ ನನಗೆ ಬಿಟ್ಟುಹೋದ ಪಾಠ ಹೇಳಿಕೊಟ್ಟರು. ಎಂಟನೇ ಕ್ಲಾಸಿನ ಹಾಜರಿಗೆ ನನ್ನ ಹೆಸರು ಸೇರಿದ ದಿನ ಮಿಸ್ ಎಂದಿನಂತೆ ಡ್ರಾಯರ್ ತಡಕಾಡುತ್ತಿದ್ದರು. ಕ್ಲಾಸಿನವರೆಲ್ಲ ಕಣ್ಣು ಬಿಟ್ಟು ಹೆದರಿಸಿದರೂ ನನಗೆ ಸುಮ್ಮನಿರಲಾಗಲಿಲ್ಲ. "ತುರುಬಲ್ಲಿದೆ ಮಿಸ್" ಎಂದುಬಿಟ್ಟೆ.

ಹೋದ ವರ್ಷ ಮಿಸ್ ತೀರಿಕೊಂಡರು. ಅವರು ಬರೆದ ಆ ಎರಡು ಸಾಲಿನ ಋಣ ನನ್ನ ಮೇಲೆ ಹಾಗೇ ಇದೆ. ನಾನೀಗ ಬಿಕ್ಕೋಡಿನ ಹತ್ತಿರ ಸರ್ಕಾರಿ ಶಾಲೆಯ ಟೀಚರು. ಈ ಬೇಸಿಗೆಯಲ್ಲಿ ಮಕ್ಕಳನ್ನು ಕೇಳಿಕೊಂಡು ಹೋದಾಗ, ತೋಟದ ಕೆಲಸಕ್ಕೆ ಹೋಗುವ ತಾಯಿಯೊಬ್ಬಳು ಹೊಸಿಲಲ್ಲೇ ತಡೆದು ಕೇಳಿದಳು.

"ನಿಮ್ ಮಗ್ಳು ಎಲ್ಲಿ ಓದ್ತಾಳೆ ಮಿಸ್?"

"ನಮ್ಮ ಶಾಲೇಲೇ ಕಣಮ್ಮ. ಒಂದನೇ ಕ್ಲಾಸು."

ಅವಳು ನನ್ನ ಮುಖವನ್ನೊಮ್ಮೆ ನೋಡಿ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. "ಹಂಗಾದ್ರೆ ಒಳಗ್ ಬನ್ನಿ."